ತಾಂಡಾದ ಅಕ್ಕ ಹೇಳಿಕೊಡುವ ಸೂಜಿ ಕೆಲಸ: ಲಂಬಾಣಿ ಕಸೂತಿ ಕಾರ್ಯಾಗಾರದಲ್ಲಿ ಏನು ನಡೆಯುತ್ತದೆ?

ಲಂಬಾಣಿ ಕಸೂತಿ ಕಾರ್ಯಾಗಾರ, ತಾಂಡಾದ ಕಲಾವಿದೆಯರಿಂದಲೇ ಕಲಿಯಿರಿ ಅಂತ ಒಂದು ಪೋಸ್ಟರ್ ವಾಟ್ಸಾಪ್‌ಗೆ ಬಂದರೆ ಕಲಬುರಗಿಯವರಿಗೆ ಮೊದಲು ಅನ್ನಿಸುವುದು, ಇದರಲ್ಲೇನು ಹೊಸದು ಅಂತ. ಸೂಪರ್ ಮಾರ್ಕೆಟ್‌ನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕನ್ನಡಿ ಮಿಂಚುವ ಕೆಂಪು ಬಟ್ಟೆ ನೋಡಿಯೇ ಬೆಳೆದವರು ನಾವು. ನೋಡಿದ್ದು ಹೌದು. ಆದರೆ ಆ ಕನ್ನಡಿಗೆ ಒಂದೂ ತೂತಿಲ್ಲ, ಅಂಟು ಹಾಕಿಲ್ಲ, ಆದರೂ ಅದು ಬಟ್ಟೆ ಬಿಟ್ಟು ಬೀಳುವುದಿಲ್ಲ. ಹೇಗೆ ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ಈಚಿನ ವರ್ಷಗಳಲ್ಲಿ ಲಂಬಾಣಿಗರ ಬಗ್ಗೆ ಮಾತು ಜಾಸ್ತಿ ಆಗಿದೆ. 2023ರ ಜನವರಿಯಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ಬಂದು ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ಕೊಟ್ಟರು. ಅದೇ ವರ್ಷ ಜುಲೈಯಲ್ಲಿ ಹಂಪಿಯ ಜಿ-20 ಸಭೆ ಹೊತ್ತಿಗೆ, 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶನಕ್ಕೆ ಇಟ್ಟು ಗಿನ್ನೆಸ್ ದಾಖಲೆ ಆಯಿತು. ಇಂಥ ಸುದ್ದಿ ಬಂದ ಮೇಲೆ ಕಲಿಯಬೇಕು ಅನ್ನುವವರೂ ಹೆಚ್ಚುತ್ತಾರೆ, ಕಲಿಸುತ್ತೇವೆ ಅನ್ನುವವರೂ ಹೆಚ್ಚುತ್ತಾರೆ. ಹಾಗಾಗಿ ಇಂಥ ಕಾರ್ಯಾಗಾರ ಅಂದರೆ ಏನು, ಅಲ್ಲಿ ಕಲಿಯುವುದೇನು, ದುಡ್ಡು ಯಾರಿಗೆ ಹೋಗುತ್ತದೆ ಅನ್ನುವುದನ್ನು ಬುಡದಿಂದ ನೋಡೋಣ.

ಲಂಬಾಣಿಗರು ಯಾರು?

ಲಂಬಾಣಿ, ಲಮಾಣಿ, ಬಂಜಾರ ಎಲ್ಲ ಒಂದೇ ಸಮುದಾಯದ ಹೆಸರುಗಳು. ಅವರು ತಮ್ಮನ್ನು ಗೋರ್ ಅಂತ ಕರೆದುಕೊಳ್ಳುತ್ತಾರೆ. ಮನೆಯಲ್ಲಿ ಆಡುವ ಭಾಷೆ ಗೋರಬೋಲಿ. ಅದು ರಾಜಸ್ಥಾನದ ಕಡೆಯ ಭಾಷೆಗಳ ನೆಂಟ. ಸ್ವಂತ ಲಿಪಿ ಇಲ್ಲದ ಕಾರಣ ಇಲ್ಲಿ ಕನ್ನಡದಲ್ಲಿ, ಗಡಿ ದಾಟಿದರೆ ತೆಲುಗಿನಲ್ಲಿ ಇಲ್ಲವೇ ದೇವನಾಗರಿಯಲ್ಲಿ ಬರೆಯುತ್ತಾರೆ. ಅವರ ವಸತಿಯೇ ತಾಂಡಾ. ಅದಕ್ಕೊಬ್ಬ ನಾಯಕ, ಅವನ ಜೊತೆಗೆ ವ್ಯವಹಾರ ನೋಡುವ ಒಬ್ಬ ಕಾರಭಾರಿ. ಸಾಮಾನ್ಯವಾಗಿ ತಾಂಡಾ ಊರಿನೊಳಗೆ ಇರುವುದಿಲ್ಲ, ಊರಿಂದ ಸ್ವಲ್ಪ ದೂರ ಗುಡ್ಡದ ಕಡೆ ಇರುತ್ತದೆ.

ಈ ದೂರಕ್ಕೆ ದಾಖಲೆಯಲ್ಲೂ ಬೆಲೆ ತೆರಬೇಕಾಯಿತು. ಜನ ಇದ್ದರೂ ಎಷ್ಟೋ ತಾಂಡಾಗಳು ಕಂದಾಯ ದಾಖಲೆಯಲ್ಲಿ ಊರೇ ಆಗಿರಲಿಲ್ಲ. ಮಳಖೇಡದ ಕಾರ್ಯಕ್ರಮದ ವಿಷಯ ಇದೇ. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ ಸೇರಿ ಐದು ಜಿಲ್ಲೆಗಳಲ್ಲಿ ಸುಮಾರು 1,475 ಇಂಥ ವಸತಿಗಳನ್ನು ಕಂದಾಯ ಗ್ರಾಮ ಅಂತ ಘೋಷಿಸಲಾಗಿತ್ತು.

ಇನ್ನೊಂದು ವಿಚಿತ್ರ ನಮ್ಮ ಗಡಿ ಜಿಲ್ಲೆಗಳಲ್ಲೇ ಎದ್ದು ಕಾಣುವುದು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಬೀದರ್ ಇಲ್ಲವೇ ಸೇಡಂ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಆಳಂದ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ವಿಮುಕ್ತ ಜಾತಿ, ಅಂದರೆ ಬ್ರಿಟಿಷರ ಕಾಲದ ಅಪರಾಧಿ ಬುಡಕಟ್ಟು ಪಟ್ಟಿಯಿಂದ ಬಿಡುಗಡೆಯಾದವರು. ಅಕ್ಕ ಇಲ್ಲಿ, ತಂಗಿಯನ್ನು ಗಡಿಯಾಚೆ ಕೊಟ್ಟಿದ್ದಾರೆ ಅಂದರೆ ಹಾಡು ಒಂದೇ, ಹೊಲಿಗೆ ಒಂದೇ, ಸರ್ಟಿಫಿಕೇಟ್ ಮಾತ್ರ ಬೇರೆ.

ಇಷ್ಟೊಂದು ಕೆಲಸ ಬಟ್ಟೆ ಮೇಲೆ ಯಾಕೆ?

ಮನೆ ಗೋಡೆ ಇದ್ದವರು ಗೋಡೆ ಸಿಂಗರಿಸುತ್ತಾರೆ. ಇವರಿಗೆ ಗೋಡೆ ಇರಲಿಲ್ಲ. ಲಂಬಾಣಿಗರು ನೂರಾರು ವರ್ಷ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ಸಾಗಿದವರು. ಮೊಘಲರ ಸೈನ್ಯ ದಖ್ಖನ್ನಿಗೆ ಇಳಿದಾಗ ಅದಕ್ಕೆ ದವಸ ಮುಟ್ಟಿಸುತ್ತಿದ್ದವರೂ ಇವರೇ. ಸದಾ ದಾರಿಯಲ್ಲೇ ಇರುವ ಮನೆತನಕ್ಕೆ ಆಸ್ತಿ ಅಂದರೆ ಮೈಮೇಲೆ ಹೊರುವಂಥದ್ದು: ಬೆಳ್ಳಿ, ನಾಣ್ಯ, ಕವಡೆ. ಕವಡೆ ಒಂದು ಕಾಲಕ್ಕೆ ಚಿಲ್ಲರೆ ಹಣವೇ ಆಗಿತ್ತಲ್ವಾ, ಅದನ್ನೇ ಬಟ್ಟೆಗೆ ಹೊಲಿದುಕೊಂಡರು. ಚೀಲ, ಎತ್ತಿನ ಮೇಲೆ ಹೊದಿಸುವ ಬಟ್ಟೆ, ಕೊಡ ಹೊರುವ ಸಿಂಬಿ, ಹೀಗೆ ದಾರಿಯಲ್ಲಿ ಬಳಸುವ ವಸ್ತುಗಳ ಮೇಲೂ ಸೂಜಿ ಆಡಿತು.

ಆಮೇಲೆ ರೈಲು ಬಂತು. ಮುಂಬೈ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರು ಮುಟ್ಟಿತು. 1874ರ ಹೊತ್ತಿಗೆ ನಿಜಾಮನ ರೈಲು ಸಿಕಂದರಾಬಾದಿನಿಂದ ನಮ್ಮ ವಾಡಿಗೆ ಬಂತು. ಎತ್ತು ತಿಂಗಳುಗಟ್ಟಲೆ ಹೊರುತ್ತಿದ್ದ ಮಾಲು ವ್ಯಾಗನ್ನಿನಲ್ಲಿ ದಿನಗಳಲ್ಲಿ ಹೋಗತೊಡಗಿದ ಮೇಲೆ ಹೇರಾಟದ ಕಸುಬು ಮುರಿಯಿತು. 1871ರಲ್ಲೇ ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯ್ದೆ ತಂದರು. ಮೊದಲು ಉತ್ತರದಲ್ಲಿ ಶುರುವಾದ ಅದು ನಂತರ ಬೇರೆ ಪ್ರಾಂತ್ಯಗಳಿಗೂ ಹಬ್ಬಿತು. ಬ್ರಿಟಿಷ್ ಆಳ್ವಿಕೆಯ ಕೆಲವು ಕಡೆ ಅಲೆಮಾರಿ ಬಂಜಾರರನ್ನೂ ಆ ಪಟ್ಟಿಗೆ ಹಾಕಿದರು. ಕಾಯ್ದೆ ರದ್ದಾದದ್ದು 1952ರಲ್ಲಿ. ದಾರಿ ಬಿಟ್ಟು ನೆಲೆ ನಿಂತವರು ಕೂಲಿ, ಬೇಸಾಯಕ್ಕೆ ಇಳಿದರು. ಕಲಬುರಗಿ, ಯಾದಗಿರಿ ತಾಂಡಾಗಳಿಂದ ಇವತ್ತೂ ಜನ ದುಡಿಮೆಗೆ ಮುಂಬೈ, ಪುಣೆ, ಹೈದರಾಬಾದ್ ಅಂತ ಹೋಗುತ್ತಾರೆ.

ಹಾಗಾಗಿ ಹಳೆ ಉಡುಪು ಈಗ ಹಿರಿಯ ಹೆಂಗಸರ ಮೈಮೇಲೆ, ಇಲ್ಲವೇ ಹೋಳಿ, ದೀಪಾವಳಿ, ಫೆಬ್ರವರಿ 15ರಂದು ಬರುವ, ಲಂಬಾಣಿಗರ ಸಂತ ಸೇವಾಲಾಲರ ಜಯಂತಿಯ ದಿನ ಕಾಣುತ್ತದೆ. ಹುಡುಗಿಯರು ಸೀರೆ, ಚೂಡಿದಾರ ಹಾಕುತ್ತಾರೆ. ಒಂದು ಪೂರ್ತಿ ಉಡುಪು ಕೈಯಲ್ಲಿ ಹೊಲಿಯಲು ತಿಂಗಳುಗಳು ಬೇಕು, ತೂಕವೂ ಜಾಸ್ತಿ. ಅದನ್ನು ಉಟ್ಟು ಬಿಸಿಲಲ್ಲಿ ತೊಗರಿ ಕೊಯ್ಯಲು ಹೋಗಿ ಅಂತ ನಾವು ಹೊರಗಿನವರು ಹೇಳುವುದು ಸುಲಭ.

ಉಡುಪಿನಲ್ಲಿ ಏನೇನಿದೆ?

ಮೂರು ಹೆಸರು ಗೊತ್ತಿದ್ದರೆ ಕಾರ್ಯಾಗಾರದಲ್ಲಿ ಮಾತು ಅರ್ಥವಾಗುತ್ತದೆ. ಕೆಳಗೆ ಉಡುವ ನೆರಿಗೆಯ ಲಂಗ ಫೇಟಿಯಾ. ಮೇಲೆ ತೊಡುವುದು ಕಾಂಚಳಿ. ಇದಕ್ಕೆ ಬೆನ್ನು ತೆರೆದಿರುತ್ತದೆ, ಲಾಡಿ ಕಟ್ಟಿಕೊಳ್ಳುತ್ತಾರೆ. ಕನ್ನಡಿ ಕೆಲಸ ಹೆಚ್ಚು ಕಾಣುವುದು ಇದರ ಎದೆ ಮತ್ತು ತೋಳಿನ ಮೇಲೆ. ತಲೆ ಮೇಲಿಂದ ಇಳಿಬಿಡುವ ಬಟ್ಟೆ ಛಾಂಟಿಯಾ.

ಕಸೂತಿ ಅಂದ ಕೂಡಲೇ ಧಾರವಾಡದ ಕಸೂತಿ ನೆನಪಾಗುತ್ತದೆ. ಅದೇ ಬೇರೆ, ಇದೇ ಬೇರೆ. ಧಾರವಾಡದ್ದು ಗಂಟಿ, ಮುರ್ಗಿ, ನೇಯ್ಗೆ, ಮೆಂತೆ ಅನ್ನುವ ನಾಲ್ಕು ಹೊಲಿಗೆಗಳದ್ದು. ಇಳಕಲ್ ಸೀರೆ ಮೇಲೆ ಗೋಪುರ, ತೇರು, ಆನೆ ಮೂಡಿಸುತ್ತಾರೆ, ಕನ್ನಡಿ ಇರುವುದಿಲ್ಲ. ಲಂಬಾಣಿಗರದ್ದು ತುಂಡು ಬಟ್ಟೆಗಳ ಜೋಡಣೆ, ಕನ್ನಡಿ, ಕವಡೆ, ಮಣಿ, ನಾಣ್ಯ, ದಪ್ಪ ದಾರ ಎಲ್ಲ ಸೇರಿದ್ದು. ಆಕಾರಗಳು ಬಹುಪಾಲು ಚೌಕ, ತ್ರಿಕೋನ, ಅಡ್ಡಗೆರೆ. ಸಂಡೂರಿನ ಲಂಬಾಣಿ ಕೆಲಸದಲ್ಲಿ 14 ಬಗೆಯ ಹೊಲಿಗೆ ಗುರುತಿಸಿದ್ದಾರೆ. ಕಿಲನ್, ವೇಲೆ, ಬಕ್ಯಾ, ಮಕಿ, ರೇಲೋ, ನಕ್ರಾ ಅಂತೆಲ್ಲ ಅವಕ್ಕೆ ಹೆಸರು.

ಕಾರ್ಯಾಗಾರದಲ್ಲಿ ನಡೆಯುವುದೇನು?

ಕಾಲೇಜು, ಸ್ವಸಹಾಯ ಸಂಘ, ಮ್ಯೂಸಿಯಂ, ಯಾವುದೋ ಸಂಸ್ಥೆ, ಯಾರಾದರೂ ಏರ್ಪಾಡು ಮಾಡಬಹುದು. ಮುಖ್ಯ ವಿಷಯ ಒಂದೇ: ಕಲಿಸುವವರು ಆ ಸಮುದಾಯದ ಹೆಂಗಸರು. ಫ್ಯಾಷನ್ ಡಿಸೈನ್ ಓದಿದವರು ಬೋರ್ಡ್ ಮುಂದೆ ನಿಂತು ಪಾಠ ಹೇಳಿ, ತಾಂಡಾದ ಇಬ್ಬರನ್ನು ಪಕ್ಕದಲ್ಲಿ ಮಾದರಿಗೆ ಕೂರಿಸಿದರೆ ಅದು ಬೇರೆ ಕಾರ್ಯಕ್ರಮ. ಅದರಿಂದಲೂ ಏನೋ ಕಲಿಯಬಹುದು. ಆದರೆ ಎಲ್ಲಿಂದ ಶುರು ಮಾಡಬೇಕು, ಯಾವುದು ಸರಿ, ಯಾವುದು ಬಿಚ್ಚಿ ಮತ್ತೆ ಹೊಲಿಯಬೇಕು ಅನ್ನುವ ತೀರ್ಮಾನ ಸೂಜಿ ಹಿಡಿದವರ ಕೈಯಲ್ಲಿ ಇರುವುದಿಲ್ಲ.

ಸಾಮಾನ್ಯವಾಗಿ ನೆಲದ ಮೇಲೆ ಜಮಖಾನ ಹಾಸಿ ಗುಂಡಗೆ ಕೂರುತ್ತಾರೆ. ಅಂಗೈ ಅಗಲದ ಹತ್ತಿ ಬಟ್ಟೆ, ಸೂಜಿ, ಮೂರು ನಾಲ್ಕು ಬಣ್ಣದ ದಾರ. ರಿಂಗು, ಫ್ರೇಮು ಏನೂ ಬೇಡ, ಬಟ್ಟೆಯನ್ನು ಕೈಯಲ್ಲೇ ಹಿಡಿದು ಹೊಲಿಯುತ್ತಾರೆ. ಮೊದಲು ಸರಳ ಹೊಲಿಗೆಯ ಸಾಲು ಹಾಕಿಸುತ್ತಾರೆ. ಬಟ್ಟೆ ಮೇಲೆ ಪೆನ್ಸಿಲ್ಲಿನ ಗೆರೆ ಇಲ್ಲ, ಕಣ್ಣಳತೆಯೇ ಗೆರೆ.

ಆಮೇಲೆ ಎಲ್ಲರೂ ಕಾಯುವ ಕನ್ನಡಿ. ಅದನ್ನು ಕೂರಿಸುವ ಬಗೆ ಹೀಗಿದೆ. ಕನ್ನಡಿ ಚೂರನ್ನು ಬಟ್ಟೆ ಮೇಲಿಟ್ಟು ಎಡ ಹೆಬ್ಬೆರಳಲ್ಲಿ ಒತ್ತಿ ಹಿಡಿಯುತ್ತಾರೆ. ಸೂಜಿಯನ್ನು ಕನ್ನಡಿಯ ಅಂಚಿಗೆ ಹತ್ತಿಕೊಂಡಂತೆ ಕೆಳಗಿಂದ ಮೇಲೆ ತಂದು, ದಾರವನ್ನು ಕನ್ನಡಿ ಮೇಲೆ ಹಾಯಿಸಿ, ಆ ಬದಿ ಇಳಿಸುತ್ತಾರೆ. ಹೀಗೆ ಎರಡು ದಾರ ಅಡ್ಡ, ಎರಡು ದಾರ ಉದ್ದ. ಈಗ ಕನ್ನಡಿ ನಡುವೆ ದಾರಗಳ ಒಂದು ಸಣ್ಣ ಚೌಕ ಕಾಣುತ್ತದೆ. ಇದು ಬರೀ ಕಟ್ಟು, ಹೊಲಿಗೆ ಇನ್ನೂ ಶುರುವಾಗಿಲ್ಲ. ಇಲ್ಲಿಂದ ಸೂಜಿಯನ್ನು ಆ ಕಟ್ಟಿನ ದಾರದಡಿ ತೂರಿಸಿ, ಕುಣಿಕೆ ಮಾಡಿ ಎಳೆದು, ಅಂಚಿನ ಬಟ್ಟೆಯಲ್ಲಿ ಒಂದು ಸಣ್ಣ ಹೊಲಿಗೆ ಹಾಕುತ್ತಾರೆ. ಮತ್ತೆ ಕಟ್ಟಿನಡಿ, ಮತ್ತೆ ಬಟ್ಟೆಗೆ. ಕನ್ನಡಿ ಸುತ್ತ ಹೀಗೆ ಸಾಗುತ್ತಾ ಹೋದಂತೆ ಪ್ರತಿ ಕುಣಿಕೆಯೂ ಕಟ್ಟಿನ ದಾರವನ್ನು ಹೊರಕ್ಕೆ ಎಳೆಯುತ್ತದೆ. ನಡುವಿನ ಚೌಕ ಅಗಲವಾಗಿ ದುಂಡಗಾಗುತ್ತದೆ. ಒಂದು ಸುತ್ತು ಮುಗಿದಾಗ ಕನ್ನಡಿಯ ಅಂಚು ದಾರದ ಉಂಗುರದೊಳಗೆ ಸಿಕ್ಕಿಕೊಂಡಿರುತ್ತದೆ. ತೂತೂ ಬೇಡ, ಅಂಟೂ ಬೇಡ.

ಹೊಸಬರದ್ದು ಕೆಡುವುದು ಎರಡೇ ಕಡೆ. ಕಟ್ಟಿನ ದಾರ ಸಡಿಲ ಬಿಟ್ಟರೆ ಕನ್ನಡಿ ಜಾರುತ್ತದೆ. ದಾರವನ್ನು ಅಂಚಿಗೆ ತೀರಾ ಹತ್ತಿರ ಹಾಯಿಸಿದರೆ, ಕುಣಿಕೆ ಎಳೆದಾಗ ಅದು ಕನ್ನಡಿಯಿಂದಲೇ ಹೊರಗೆ ಜಾರಿಬಿಡುತ್ತದೆ. ಕಲಿಸುವ ಅಕ್ಕ ಬಾಯಲ್ಲಿ ಏನೂ ಹೇಳುವುದಿಲ್ಲ. ಬಟ್ಟೆ ಇಸಿದುಕೊಂಡು ಉಗುರಿನಿಂದ ದಾರ ಮೀಟಿ ನೋಡುತ್ತಾರೆ. ಅಲ್ಲಾಡಿದರೆ ಬಿಚ್ಚುತ್ತಾರೆ.

ಬರುವವರಿಗೆ ಹೇಳಿಕೊಡುವುದು ಯಾಕೆ ಕಷ್ಟ?

ಜೋಳದ ರೊಟ್ಟಿ ಬಡಿಯುವುದನ್ನು ಒಂದು ಹಾಳೆಯಲ್ಲಿ ಬರೆದುಕೊಡಿ ಅಂತ ನಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ನೀರು ಎಷ್ಟು? ಹಿಟ್ಟು ಹಿಡಿಯುವಷ್ಟು. ಎಷ್ಟು ತೆಳ್ಳಗೆ? ರೊಟ್ಟಿ ಹೇಗಿರ್ತದೋ ಅಷ್ಟು. ಈ ಸೂಜಿ ಕೆಲಸವೂ ಹಾಗೆಯೇ ಕೈಯಿಂದ ಕೈಗೆ ಬಂದದ್ದು. ತಾಯಿ ಪಕ್ಕ ಕೂತ ಹುಡುಗಿ ಮೊದಲು ದಾರ ಪೋಣಿಸಿ ಕೊಡುತ್ತಿದ್ದಳು, ಆಮೇಲೆ ಅಂಚು ಹೊಲಿಯುತ್ತಿದ್ದಳು, ಮದುವೆ ಹೊತ್ತಿಗೆ ತನ್ನ ಉಡುಪನ್ನು ತಾನೇ ಹೊಲಿದುಕೊಳ್ಳುವಷ್ಟು ಆಗುತ್ತಿದ್ದಳು. ಕಲಿಕೆಗೆ ಹತ್ತು ವರ್ಷ ಬೇಕಾಗುತ್ತಿತ್ತು, ಆದರೆ ಅದನ್ನು ಯಾರೂ ಕಲಿಕೆ ಅನ್ನುತ್ತಿರಲಿಲ್ಲ.

ಕಾರ್ಯಾಗಾರ ಇದನ್ನೆಲ್ಲ ಎರಡು ದಿನದೊಳಗೆ ಹಿಡಿಸಲು ನೋಡುತ್ತದೆ. ಅಲ್ಲಿ ಕೇಳುವ ಮಾತು ಇಂಥದ್ದು. "ಅಕ್ಕಾ, ಇನ್ನೊಮ್ಮೆ ನಿಧಾನ ತೋರಿಸ್ರಿ." "ನಿಧಾನ ಮಾಡಿದ್ರ ನನಗ ತಪ್ಪತದವ್ವಾ." ಇದು ತಮಾಷೆಯೂ ಹೌದು, ನಿಜವೂ ಹೌದು. ಕೈಗೆ ರೂಢಿಯಾದ ಕೆಲಸವನ್ನು ತುಂಡು ತುಂಡು ಮಾಡಿ ತೋರಿಸುವುದೇ ಇನ್ನೊಂದು ಕಸುಬು. ಒಳ್ಳೆಯ ಏರ್ಪಾಡು ಮಾಡುವವರು ಕಾರ್ಯಾಗಾರಕ್ಕೆ ಮುಂಚೆ ಕಲಾವಿದೆಯರ ಜೊತೆ ಒಂದು ದಿನವಾದರೂ ಕೂರುತ್ತಾರೆ. ಯಾವ ಹೊಲಿಗೆ ಮೊದಲು, ಎಷ್ಟು ಜನ, ಮಾದರಿ ತುಂಡು ಬೇಕಾ ಅಂತ ಅವರ ಜೊತೆಗೇ ಗೊತ್ತು ಮಾಡಿಕೊಳ್ಳುತ್ತಾರೆ. ಒಬ್ಬರ ಸುತ್ತ ಆರೇಳು ಜನ ಇದ್ದರೆ ಕೈ ಕಾಣುತ್ತದೆ. ಒಬ್ಬರ ಮುಂದೆ ಐವತ್ತು ಜನ ಕೂತರೆ ಹಿಂದಿನ ಸಾಲಿನವರು ಸುಮ್ನೆ ಮೊಬೈಲ್ ನೋಡುತ್ತಾರೆ, ಅಷ್ಟೇ.

ಭಾಷೆಯ ತೊಡಕೂ ಇದೆ. ಹಿರಿಯ ಹೆಂಗಸರು ನಮ್ಮ ಕಡೆಯ ಕನ್ನಡ ಚೆನ್ನಾಗಿಯೇ ಆಡುತ್ತಾರೆ. ಆದರೆ ಹೊಲಿಗೆಗಳ ಹೆಸರು, ಬಣ್ಣ, ಹಾಡು ಎಲ್ಲ ಗೋರಬೋಲಿಯಲ್ಲಿ. ತಾಂಡಾದ ಓದಿದ ಹುಡುಗಿಯೊಬ್ಬಳು ನಡುವೆ ಕೂತರೆ ಕೆಲಸ ಸಲೀಸು. ಆ ಹುಡುಗಿಗೆ ಎಷ್ಟೋ ಸಲ ಈ ಹೊಲಿಗೆ ಬರುವುದಿಲ್ಲ. ಅನುವಾದ ಮಾಡಲು ಬಂದವಳು ಸೂಜಿ ಹಿಡಿದು ಕೂರುವುದೂ ಉಂಟು.

ಎಲ್ಲವನ್ನೂ ಹೇಳಿಕೊಡುತ್ತಾರಾ?

ಇಲ್ಲ. ಹೇಳಿಕೊಡಬೇಕು ಅಂತ ನಿಯಮವೂ ಇಲ್ಲ. ಹೊಲಿಗೆ, ಬಣ್ಣದ ಜೋಡಣೆ, ಹೋಳಿಯ ಲೆಂಗಿ ಹಾಡು ಇವನ್ನೆಲ್ಲ ಹೊರಗಿನವರ ಜೊತೆ ಖುಷಿಯಿಂದ ಹಂಚಿಕೊಳ್ಳುತ್ತಾರೆ. ಶ್ರಾವಣದ ತೀಜ್ ಹಬ್ಬದಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಸಸಿ ಬೆಳೆಸುವ ಕಥೆಯನ್ನೂ ಹೇಳುತ್ತಾರೆ. ಆದರೆ ಕೆನ್ನೆ ಪಕ್ಕ ಇಳಿಬೀಳುವ ಘುಗ್ರಿಯಂಥ ಒಡವೆ ಮುತ್ತೈದೆಯರ ಗುರುತು. ಅದನ್ನು ಫೋಟೋಗೆ ಅಂತ ಯಾರೋ ಹುಡುಗಿಯ ತಲೆಗೆ ಸಿಕ್ಕಿಸಿದರೆ ಹಿರಿಯರಿಗೆ ಸರಿ ಬರಲಿಕ್ಕಿಲ್ಲ. ಮದುಮಗಳು ತವರು ಬಿಡುವಾಗ ಅತ್ತು ಹಾಡುವ ಢಾವಲೋ ಇದೆ. ಅದು ಆ ಗಳಿಗೆಯ ಹಾಡು, ವೇದಿಕೆ ಮೇಲೆ ಹಾಡಿ ಅಂದಾಗ ಹಾಡುವಂಥದ್ದಲ್ಲ. ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಕಲಿಸುವವರಿಗೆ ಬಿಟ್ಟದ್ದು, ಕೇಳುವವರು ಒತ್ತಾಯ ಮಾಡಬಾರದು.

ದುಡ್ಡು ಯಾರಿಗೆ, ಹೆಸರು ಯಾರದ್ದು?

ಕಾರ್ಯಾಗಾರದ ಶುಲ್ಕ ಮೂರು ಕಡೆ ಹೋಗುತ್ತದೆ: ಬಟ್ಟೆ ದಾರದ ಖರ್ಚು, ಜಾಗ ಮತ್ತು ಊಟ, ಕಲಾವಿದೆಯರ ಗೌರವಧನ. ಮೂರನೆಯದು ಎಷ್ಟು ಅಂತ ಕೇಳುವುದರಲ್ಲಿ ಮುಜುಗರ ಬೇಡ. ಅಳತೆಗೆ ಒಂದು ಲೆಕ್ಕ: 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಹೊಲದ ಕೆಲಸ ಬಿಟ್ಟು, ಬಸ್ ಹತ್ತಿ, ದಿನವಿಡೀ ಹೇಳಿಕೊಟ್ಟವರಿಗೆ ಅದಕ್ಕಿಂತ ಕಡಿಮೆ ಕೊಟ್ಟು ಶಾಲು ಹೊದಿಸಿದರೆ ಅವರಿಗೆ ನಷ್ಟವೇ.

ಹೆಸರಿನ ವಿಷಯ ಸ್ವಲ್ಪ ತೊಡಕಿನದು. ಜಿಐ ಟ್ಯಾಗ್ ಅಂದರೆ ಭೌಗೋಳಿಕ ಗುರುತು. ಒಂದು ಊರಿನ ಮಣ್ಣು, ಕೈಚಳಕದಿಂದ ಹೆಸರಾದ ವಸ್ತುವಿಗೆ 1999ರ ಕಾಯ್ದೆಯಡಿ ಕೊಡುವ ನೋಂದಣಿ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಸಿಕ್ಕಾಗ ಜಿಲ್ಲೆಗೆಲ್ಲ ಈ ಪದ ಪರಿಚಯ ಆಯಿತು. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಲಂಬಾಣಿ ಕೆಲಸಕ್ಕೂ ಜಿಐ ಇದೆ, ಆದರೆ ಅದು ಸಂಡೂರು ಲಂಬಾಣಿ ಕಸೂತಿ ಅನ್ನುವ ಹೆಸರಿಗೆ. ಸಂಡೂರು ಇರುವುದು ಬಳ್ಳಾರಿ ಜಿಲ್ಲೆಯಲ್ಲಿ. ಚಿಂಚೋಳಿಯ ಇಲ್ಲವೇ ಶಹಾಪುರದ ತಾಂಡಾದ ಹೆಂಗಸು ಅಂಥದ್ದೇ ಹೊಲಿಗೆ ಹಾಕಿದರೂ ಆ ಹೆಸರಲ್ಲಿ ಮಾರುವಂತಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ಜಿಐ ಇದ್ದರೆ ಬೇರೆ ಯಾರೂ ಆ ಹೊಲಿಗೆ ಹಾಕಬಾರದು ಅನ್ನುವುದು. ಹಾಗಿಲ್ಲ. ಕಾಯ್ದೆ ಕಾಯುವುದು ಹೆಸರನ್ನು, ಸೂಜಿಯ ಚಲನೆಯನ್ನಲ್ಲ. ನೀವು ಕಲಿತು ಮನೆಗೆ ದಿಂಬಿನ ಕವರ್ ಹೊಲಿದುಕೊಂಡರೆ ಯಾರ ಅಡ್ಡಿಯೂ ಇಲ್ಲ. ಕಾಪಿರೈಟ್ ಕೂಡ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ತಲೆಮಾರುಗಳಿಂದ ಬಂದ ವಿನ್ಯಾಸಕ್ಕೆ ಒಬ್ಬ ಕರ್ತೃ ಅಂತ ಇರುವುದಿಲ್ಲ. ದೊಡ್ಡ ಅಂಗಡಿಯೊಂದು ಅದೇ ವಿನ್ಯಾಸವನ್ನು ಮಷೀನಿನಲ್ಲಿ ಹೊಡೆಸಿ ಟ್ರೈಬಲ್ ಪ್ರಿಂಟ್ ಅಂತ ಮಾರಿದರೆ ತಾಂಡಾದ ಕೈಗೆ ಏನೂ ಬರುವುದಿಲ್ಲ ಅನ್ನುವ ಸಿಟ್ಟು ಇರುವುದು ಇದಕ್ಕೇ. ಕೈಕೆಲಸ ಮಾಡುವವರು ಕೇಂದ್ರದ ಕರಕುಶಲ ಇಲಾಖೆಯ ಗುರುತಿನ ಚೀಟಿ ಮಾಡಿಸಿಕೊಂಡಿದ್ದರೆ ಮೇಳ, ತರಬೇತಿಗಳಿಗೆ ದಾರಿ ಆಗುತ್ತದೆ. ಪೆಹಚಾನ್ ಕಾರ್ಡ್ ಅನ್ನುತ್ತಾರೆ ಅದನ್ನು.

ಮಷೀನಿನದ್ದೋ ಕೈಯದ್ದೋ ತಿಳಿಯಲು ಬಟ್ಟೆ ತಿರುಗಿಸಿ ನೋಡಿ. ಕೈಕೆಲಸದ ಹಿಂಬದಿಯಲ್ಲಿ ಗಂಟು ಇರುತ್ತದೆ, ದಾರ ಒಂದೆಡೆಯಿಂದ ಇನ್ನೊಂದೆಡೆಗೆ ಹಾರಿರುತ್ತದೆ, ಹೊಲಿಗೆಗಳು ಒಂದೇ ಅಳತೆ ಇರುವುದಿಲ್ಲ. ಮಷೀನಿನದ್ದರ ಬೆನ್ನಿಗೆ ಬಾಬಿನ್ ದಾರ ಒಂದೇ ಸಮ ಓಡಿರುತ್ತದೆ. ಕನ್ನಡಿಯ ಮೇಲೆ ಉಗುರು ತಟ್ಟಿ. ಗಾಜಾದರೆ ಸದ್ದೇ ಹೇಳುತ್ತದೆ.

ಬಿದರಿ ಕಾರ್ಯಾಗಾರವೂ ಇದೇ ಥರನಾ?

ಬೀದರಿನ ಬಿದರಿ ಕೆಲಸ ಬುಡಕಟ್ಟಿನದ್ದಲ್ಲ, ಬಹಮನಿಗಳ ಕಾಲದ ನಗರದ ಕಸುಬು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಚಿತ್ರ ಕೆತ್ತಿ, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ನೀರಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದಕ್ಕೆ ಜಿಐ ಸಿಕ್ಕಿದ್ದು 2006ರಲ್ಲಿ. 2023ರಲ್ಲಿ ಬಿದರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಕುಲುಮೆ, ಉಳಿ, ರಾಸಾಯನಿಕ ಇರುವುದರಿಂದ ಅರ್ಧ ದಿನದ ಕಾರ್ಯಾಗಾರದಲ್ಲಿ ತಂತಿ ಕೂರಿಸುವಷ್ಟು ಮಾಡಿಸಬಹುದು, ಉಳಿದದ್ದನ್ನು ನೋಡಬೇಕು. ಸೂಜಿಗೆ ಈ ತೊಂದರೆ ಇಲ್ಲ.

ಹೋಗುವ ಮುಂಚೆ

ಗಂಡಸರು ಬರಬಹುದಾ ಅಂತ ಕೇಳುವವರಿದ್ದಾರೆ. ಆಯೋಜಕರನ್ನೇ ಕೇಳಿ. ಕಾಲೇಜಿನಲ್ಲಾದರೆ ಎಲ್ಲರಿಗೂ ಜಾಗ ಇರುತ್ತದೆ, ತಾಂಡಾದ ಒಳಗೆ ನಡೆದರೆ ಹೆಂಗಸರು ಬೇರೆ ಕೂರುವುದಕ್ಕೆ ಇಷ್ಟಪಡಬಹುದು. ಮಕ್ಕಳನ್ನು ಕರೆದೊಯ್ಯುವುದಾದರೆ ಗಾಜಿನ ಅಂಚು ಹರಿತ ಇರುತ್ತದೆ ಅನ್ನುವುದು ನೆನಪಿರಲಿ. ಫೋಟೋ, ವಿಡಿಯೋ ತೆಗೆಯುವ ಮುಂಚೆ ಕೇಳಿ, ಬರೀ ಕೈಯದ್ದಾದರೂ ಕೇಳಿ. ಕನ್ನಡಕ ಹಾಕುವವರು ಮರೆಯದೆ ಒಯ್ಯಿರಿ, ಸೂಜಿಗೆ ದಾರ ಪೋಣಿಸುವುದರಲ್ಲೇ ಅರ್ಧ ಗಂಟೆ ಹೋದೀತು.

ತೊಗರಿ ರಾಶಿಯ ಸಮಯದಲ್ಲಿ ಕಾರ್ಯಾಗಾರ ಇಟ್ಟರೆ ಕಲಿಸುವವರು ಸಿಗುವುದು ಕಷ್ಟ. ಹೊರಗೆ ದುಡಿಯಲು ಹೋದವರು ಹಬ್ಬಕ್ಕೆ ಊರಿಗೆ ಬರುವುದರಿಂದ ಹೋಳಿಯ ಆಸುಪಾಸು ವಾಸಿ. ಹೊಲಿದ ತುಂಡು ಪೂರ್ತಿ ಆಗದಿದ್ದರೆ ಮನೆಗೆ ತಂದು ಮುಗಿಸಿ. ಒಗೆಯುವಾಗ ಮೊದಲ ಸಲ ಬೇರೆ ಬಟ್ಟೆ ಜೊತೆ ಹಾಕಬೇಡಿ. ತಣ್ಣೀರಲ್ಲಿ ಅದ್ದಿ ತೆಗೆದು, ಹಿಂಡದೆ ನೆರಳಲ್ಲಿ ಹರವಿ. ಕೆಂಪು ದಾರ ಬಣ್ಣ ಬಿಡುವ ಸಾಧ್ಯತೆ ಜಾಸ್ತಿ.